ಕೆಸುವನ್ನ ಅಣ್ಣ ಅನ್ನೋ ನಾಡು: ಹವಾಯಿ ಬಗ್ಗೆ ಒಂದು ಮಾತು

ಎಲ್ರಿಗೂ ನಮಸ್ಕಾರ. ಈ ಮಳೇಲೂ ಇಷ್ಟು ಜನ ಬಂದಿದೀರಿ, ತುಂಬಾ ಖುಷಿ ಆಯ್ತು. ಮಗಳ ಮನೆ ಅಂತ ಹೋಗಿ ಎರಡು ಸಲ, ಐದೈದು ತಿಂಗಳು ಹವಾಯಿಯಲ್ಲಿ ಇದ್ದು ಬಂದೆ. ವಾಪಸ್ ಬಂದಮೇಲೆ ಎಲ್ರೂ ಕೇಳಿದ್ದು ಒಂದೇ ಪ್ರಶ್ನೆ, ಬೀಚ್ ಹೇಗಿತ್ತು ಅಂತ. ಬೀಚ್ ಚೆನ್ನಾಗೇ ಇದೆ. ಆದ್ರೆ ನಾನು ಇವತ್ತು ಹೇಳಬೇಕು ಅಂದ್ಕೊಂಡು ಬಂದಿರೋದು ಕೆಸುವಿನ ಬಗ್ಗೆ. ಹೌದು, ನಮ್ಮ ಕೆಸುವೇ. ಮರಗೆಸು ಅಲ್ಲ, ಹಳ್ಳದ ಪಕ್ಕ ನೀರಿರೋ ಕಡೆ ಬೆಳೆಯುತ್ತಲ್ಲ, ಸರಿಯಾಗಿ ಬೇಯಿಸದಿದ್ರೆ ಗಂಟಲೆಲ್ಲ ತುರಿಸುತ್ತಲ್ಲ, ಅದು. ಅಲ್ಲಿ ಅದಕ್ಕೆ ಕಲೊ ಅಂತಾರೆ. ಹವಾಯಿ ಏನು ಅಂತ ತಿಳೀಬೇಕಾದ್ರೆ ಕೆಸುವಿನ ಗದ್ದೆಯಿಂದ ಶುರು ಮಾಡಬೇಕು ಅನ್ನೋದು ನನ್ನ ನಂಬಿಕೆ.

ಭೂಪಟದಲ್ಲಿ ನೋಡಿದ್ರೆ ಶಾಂತಸಾಗರದ ನಟ್ಟನಡುವೆ ಎಂಟು ದೊಡ್ಡ ದ್ವೀಪ, ಕ್ಯಾಲಿಫೋರ್ನಿಯಾದಿಂದ ಹೆಚ್ಚುಕಮ್ಮಿ 3,800 ಕಿಲೋಮೀಟರ್ ದೂರ, ಒಟ್ಟು ಜನಸಂಖ್ಯೆ 14 ಲಕ್ಷದ ಆಸುಪಾಸು. ಸುಮಾರು ಸಾವಿರ ವರ್ಷದ ಹಿಂದೆ ಪಾಲಿನೇಷಿಯಾದ ಜನ ಜೋಡಿ ದೋಣಿ ಕಟ್ಕೊಂಡು, ನಕ್ಷತ್ರ ನೋಡ್ತಾ, ಅಲೆ ಎತ್ತ ಕಡೆಯಿಂದ ಬರ್ತಿದೆ ಅಂತ ಗಮನಿಸ್ತಾ ದಕ್ಷಿಣದಿಂದ ಅಲ್ಲಿಗೆ ಬಂದ್ರು. ಬರುವಾಗ ದೋಣಿಯಲ್ಲಿ ಏನೇನು ತಂದ್ರು ಗೊತ್ತಾ? ತೆಂಗು, ಬಾಳೆ, ಕಬ್ಬು, ಅರಿಶಿನ, ಜೀಗುಜ್ಜೆ, ಕೆಸು. ನಮ್ಮ ಹಿತ್ತಿಲಿಗೆ ಹೋಗಿ ಎಣಿಸಿದ ಹಾಗಿದೆ, ಅಲ್ವಾ.

ಅವರ ಸೃಷ್ಟಿಕತೆಯಲ್ಲಿ ಆಕಾಶದ ದೈವ ವಾಕೆಯ, ಹೋಹೋಕುಕಲಾನಿ ಇಬ್ಬರಿಗೂ ಮೊದಲು ಹುಟ್ಟಿದ ಮಗು ಉಸಿರಿಲ್ಲದೆ ಹುಟ್ತು, ಅದನ್ನ ಮನೆ ಪಕ್ಕ ಮಣ್ಣು ಮಾಡಿದ್ರು, ಆ ಜಾಗದಿಂದ ಎಲೆ ನಡುಗಿಸ್ತಾ ಒಂದು ಕೆಸುವಿನ ಗಿಡ ಎದ್ದು ಬಂತು. ಎರಡನೇ ಮಗು ಬದುಕಿತು, ಅದಕ್ಕೆ ಅಣ್ಣನ ಹೆಸರನ್ನೇ ಇಟ್ರು, ಹಾಲೋವ ಅಂತ. ಹವಾಯಿಯ ಜನ ಎಲ್ಲಾ ಆ ತಮ್ಮನ ಸಂತಾನ. ಹಾಗಾಗಿ ಕೆಸು ಅವರಿಗೆ ಅಣ್ಣ. ಅಣ್ಣ ಅನ್ನ ಹಾಕ್ತಾನೆ, ತಮ್ಮ ಅಣ್ಣನ್ನ ನೋಡ್ಕೋಬೇಕು. ಬೇಯಿಸಿದ ಗೆಡ್ಡೇನ ಮರದ ಹಲಗೆ ಮೇಲಿಟ್ಟು ಕಲ್ಲಿನ ಗುಂಡಿಂದ ಕುಟ್ಟಿ, ಸ್ವಲ್ಪ ಸ್ವಲ್ಪ ನೀರು ಚಿಮುಕಿಸಿ ಮಾಡೋ ನೇರಳೆ ಬಣ್ಣದ ಅಂಬಲಿಗೆ ಪೊಯ್ ಅಂತಾರೆ. ಪೊಯ್ ಬಟ್ಟಲು ತೆರೆದು ಮಧ್ಯ ಇಟ್ರೆ ಆ ಹೊತ್ತಲ್ಲಿ ಮನೇಲಿ ಯಾರೂ ಜಗಳ ಆಡಬಾರದು, ಯಾಕಂದ್ರೆ ಅಣ್ಣ ಅಲ್ಲಿ ಕೂತಿರ್ತಾನೆ.

ನಾನು ಓವಾಹು ದ್ವೀಪದಲ್ಲಿ ಒಂದು ಶನಿವಾರ ಇಂಥ ಗದ್ದೆಗೆ ಹೋಗಿದ್ದೆ, ಊರಿನವರು ಬಂದು ಕೆಲಸ ಮಾಡಿಕೊಡೋ ದಿನ ಅದು, ನಮ್ಮಲ್ಲಿ ಮುಯ್ಯಾಳು ಇದ್ದಂಗೆ. ಮೊಣಕಾಲವರೆಗೆ ಕೆಸರು. ಅಲ್ಲಿದ್ದ ಒಬ್ಬ ಹಿರಿಯರು ಗೆಡ್ಡೆಯ ತಲೆಯನ್ನ ಬೆರಳಿನಷ್ಟು ದಪ್ಪ ಬಿಟ್ಟು, ದಂಟು ಒಂದು ಮೊಳದಷ್ಟು ಉಳಿಸಿ ಕತ್ತರಿಸಿ ನನ್ನ ಕೈಗೆ ಕೊಟ್ರು, ಅದು ಹುಲಿ, ನೆಡೋ ಸಸಿ. ಕೆಸರಿಗೆ ಚುಚ್ಚಿ ಕಾಲಲ್ಲಿ ಸುತ್ತ ಒತ್ತಬೇಕು. ಆಮೇಲೆ ಒಂದು ಎಲೆ ಬಗ್ಗಿಸಿ ದಂಟು ಎಲೆಗೆ ಸೇರೋ ಆ ಚುಕ್ಕಿ ಮೇಲೆ ಬೆರಳಿಟ್ಟು, ಇದು ಪಿಕೊ ಅಂದ್ರು. ಪಿಕೊ ಅಂದ್ರೆ ಹೊಕ್ಕುಳು. ಬುಡದಲ್ಲಿ ತಾಯಿ ಗೆಡ್ಡೆ ಪಕ್ಕ ಒಡೆದಿದ್ದ ಮರಿಗಳನ್ನ ತೋರಿಸಿ, ಇವು ಒಹಾ, ಇದರಿಂದಾನೇ ಒಹಾನ ಅನ್ನೋ ಪದ ಬಂದಿದ್ದು ಅಂದ್ರು. ಒಹಾನ ಅಂದ್ರೆ ಕುಟುಂಬ. ನಾವು ಬಾಳೆ ಕಂದು ಅಂತೀವಲ್ಲ, ಮಗೂನ ಕಂದ ಅಂತೀವಲ್ಲ, ಅದು ನೆನಪಾಗಿ ಕಣ್ಣು ತುಂಬಿ ಬಂತು ನಂಗೆ. ಅವರಿಗೆ ಹೇಳ್ದೆ, ಮಗಳು ಇಂಗ್ಲಿಷಲ್ಲಿ ತಿಳಿಸಿದಳು, ಅವರು ಕಂದು ಕಂದು ಅಂತ ಎರಡು ಸಲ ಹೇಳಿ ನೋಡ್ಕೊಂಡ್ರು.

ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಅಲ್ಲಿ ಭಾಷೆ, ನೀರು, ಗದ್ದೆ ಮೂರೂ ಒಂದೇ ಬಳ್ಳಿ. ವಾಯ್ ಅಂದ್ರೆ ಸಿಹಿನೀರು. ಅದನ್ನೇ ಎರಡು ಸಲ ಹೇಳಿ, ವಾಯ್‌ವಾಯ್ ಅಂದ್ರೆ ಸಂಪತ್ತು. ಕಾನಾವಾಯ್ ಅಂದ್ರೆ ಕಾನೂನು, ಅದ್ರಲ್ಲೂ ನೀರು ಕೂತಿದೆ. ಬೆಟ್ಟದ ತುದಿಯಿಂದ ಸಮುದ್ರದವರೆಗೆ ಒಂದು ಹೊಳೆಯ ಉದ್ದಕ್ಕೂ ಸೀಳಿದ ಹಾಗೆ ಅವರ ಸೀಮೆಗಳು, ಅಹುಪುವಾ ಅಂತ ಹೆಸರು, ಮೇಲೆ ಕಾಡು, ನಡುವೆ ಕೆಸುವಿನ ಗದ್ದೆ, ಕೆಳಗೆ ಮೀನಿನ ಕೊಳ. ಮೇಲಿನ ಗದ್ದೆಯವರು ನೀರು ಹಾಯಿಸಿ ಮತ್ತೆ ಹೊಳೆಗೆ ಬಿಡಬೇಕು, ಕಟ್ಟಿ ಇಟ್ಕೊಳ್ಳೋ ಹಾಗಿಲ್ಲ.

ಈಗ ಇತಿಹಾಸಕ್ಕೆ ಬರ್ತೀನಿ. 1778ರಲ್ಲಿ ಕ್ಯಾಪ್ಟನ್ ಕುಕ್ ಹಡಗು ಬಂತು, ಜತೆಗೆ ಅಲ್ಲಿಯವರಿಗೆ ಗೊತ್ತೇ ಇರದ ರೋಗಗಳು ಬಂದ್ವು, ಲಕ್ಷಗಟ್ಟಲೆ ಇದ್ದ ಜನ ಒಂದು ಶತಮಾನ ಕಳೆಯೋ ಹೊತ್ತಿಗೆ ಬರೀ ಸುಮಾರು 40,000 ಉಳಿದ್ರು. ನಡುವೆ 1810ರಲ್ಲಿ ಕಮೆಹಮೆಹ ರಾಜ ಎಲ್ಲಾ ದ್ವೀಪ ಒಂದು ಮಾಡಿದ. 1820ರಲ್ಲಿ ಪಾದ್ರಿಗಳು ಬಂದು ಲಿಪಿ ಮಾಡಿಕೊಟ್ರು, ಐದು ಸ್ವರ ಏಳು ವ್ಯಂಜನ, ಒಟ್ಟು ಹನ್ನೆರಡು ಅಕ್ಷರ, ಅಷ್ಟೇ. ಆ ಹನ್ನೆರಡು ಅಕ್ಷರ ಇಟ್ಕೊಂಡು ಆ ಜನ ಓದುಬರಹ ಕಲಿತ ವೇಗ ನೋಡಿದ್ರೆ ಕೈ ಮುಗೀಬೇಕು ಅನ್ಸುತ್ತೆ. 1834ರಿಂದ ಶುರುವಾಗಿ ನೂರಕ್ಕೂ ಹೆಚ್ಚು ಹವಾಯಿ ಭಾಷೆಯ ಪತ್ರಿಕೆಗಳು ಬಂದ್ವು, ಒಂದು ಲಕ್ಷಕ್ಕೂ ಮೇಲೆ ಪುಟ. ಸುದ್ದಿ, ಪುರಾಣ, ಸಾವಿನ ಶೋಕಗೀತೆ, ಗಿಡಮೂಲಿಕೆ ಔಷಧಿ, ಜಗಳ, ಎಲ್ಲಾ ಅದ್ರಲ್ಲಿದೆ.

ಆಮೇಲೆ ಸಕ್ಕರೆ. ಇದು ಮುಖ್ಯ. 1848ರಲ್ಲಿ ಜಮೀನನ್ನ ಖಾಸಗಿ ಆಸ್ತಿ ಮಾಡೋ ಬದಲಾವಣೆ ಬಂತು, 1875ರಲ್ಲಿ ಅಮೆರಿಕದ ಜತೆ ಒಪ್ಪಂದ ಆಗಿ ಹವಾಯಿ ಸಕ್ಕರೆಗೆ ಅಲ್ಲಿ ಸುಂಕ ಇಲ್ಲ ಅಂತಾಯ್ತು, ಅಲ್ಲಿಂದ ಕಬ್ಬಿನ ತೋಟ ಹಬ್ಬಿದ್ದೇ ಹಬ್ಬಿದ್ದು. ಕಬ್ಬಿಗೆ ನೀರು ಎಷ್ಟು ಬೇಕು ಅಂತ ಮಂಡ್ಯದವರನ್ನ ಕೇಳಿ. ಬೆಟ್ಟ ಕೊರೆದು ಸುರಂಗ ಮಾಡಿ, ಕಾಲುವೆ ತೋಡಿ, ಮಳೆ ಬೀಳೋ ಕಡೆಯ ಹೊಳೆಗಳನ್ನ ಒಣ ಕಡೆಗೆ ತಿರುಗಿಸಿದ್ರು. ಹೊಳೆ ಒಣಗಿತು, ಕೆಸುವಿನ ಗದ್ದೆ ಒಣಗಿತು, ಗದ್ದೆಯವರು ಊರು ಬಿಟ್ಟು ಹೊನೊಲುಲು ಸೇರಿದ್ರು.

ತೋಟದಲ್ಲಿ ದುಡಿಯೋಕೆ ಹೊರಗಿಂದ ಜನ ತಂದ್ರು, 1852ರಲ್ಲಿ ಚೀನಾದವರು, ಆಮೇಲೆ ಜಪಾನಿನವರು, ಪೋರ್ಚುಗೀಸರು, ಪೋರ್ಟೊರಿಕೊದವರು, ಕೊರಿಯಾದವರು, 1906ರಿಂದ ಫಿಲಿಪಿನೊಗಳು. ಒಬ್ಬೊಬ್ಬರ ಕೊರಳಿಗೂ ನಂಬರಿನ ಲೋಹದ ಬಿಲ್ಲೆ, ಬಾಂಗೊ ಅಂತಾರೆ, ಸಂಬಳ ಕೊಡುವಾಗ ಹೆಸರಲ್ಲ, ಆ ನಂಬರು ಕೂಗೋದು. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ರೂ ಎರಡು ಅಂತಸ್ತಿನ ಬುತ್ತಿ ಡಬ್ಬಿ ಬಿಚ್ಚೋರು, ಜಪಾನಿನವನ ಅನ್ನ, ಕೊರಿಯಾದವನ ಕಿಮ್ಚಿ, ಫಿಲಿಪಿನೊ ಮಾಂಸದ ಪಲ್ಯ, ಪೋರ್ಚುಗೀಸ್ ಸಾಸೇಜ್, ಹಂಚ್ಕೊಂಡು ತಿನ್ನೋರು. ಆ ಡಬ್ಬಿಯ ಸುತ್ತ ಹುಟ್ಟಿದ್ದು ಅಲ್ಲಿಯ ಪಿಜಿನ್ ಮಾತು, ಅಂದ್ರೆ ಎಲ್ರ ಭಾಷೆಯೂ ಬೆರೆತ ಆಡುಮಾತು. ಇವತ್ತಿಗೂ ಆಫೀಸು ಮುಗಿದ್ರೆ "ಪಾವ್ ಹನ" ಅಂತಾರೆ, ಪಾವ್ ಅಂದ್ರೆ ಮುಗೀತು, ಹನ ಅಂದ್ರೆ ಕೆಲಸ. ಹಾಗೇ 1946ರಲ್ಲಿ ಸುಮಾರು 26,000 ತೋಟದ ಕೆಲಸಗಾರರು ಜಾತಿ ದೇಶ ನೋಡದೆ ಒಟ್ಟಿಗೆ 79 ದಿನ ಮುಷ್ಕರ ಮಾಡಿ ಗೆದ್ರು. ಇವತ್ತು ಹವಾಯಿಯಲ್ಲಿ ಯಾವ ಜನಾಂಗವೂ ಅರ್ಧಕ್ಕಿಂತ ಹೆಚ್ಚಿಲ್ಲ.

ಸಕ್ಕರೆ ಬಂದಲ್ಲಿ ಅಧಿಕಾರವೂ ಬಂತು. 1887ರಲ್ಲಿ ತೋಟದ ಮಾಲೀಕರು, ವ್ಯಾಪಾರಿಗಳು ಸೇರಿ ಬಂದೂಕು ತೋರಿಸಿ ಕಲಾಕೌವ ರಾಜನ ಕೈಯಲ್ಲಿ ಜನರ ಹಕ್ಕು ಕಿತ್ಕೊಳ್ಳೋ ಹೊಸ ಸಂವಿಧಾನಕ್ಕೆ ಸಹಿ ಹಾಕಿಸಿದ್ರು. ಪಾದ್ರಿಗಳ ಕಾಲದಲ್ಲಿ ಮೂಲೆಗೆ ಬಿದ್ದಿದ್ದ ಹುಲಾ ನೃತ್ಯವನ್ನ ಅರಮನೆ ಅಂಗಳಕ್ಕೆ ಮತ್ತೆ ತಂದವನು ಈ ಕಲಾಕೌವ. ಅವನಾದ ಮೇಲೆ ತಂಗಿ ಲಿಲಿಯುಓಕಲಾನಿ ರಾಣಿಯಾದಳು, ಜನರ ಹಕ್ಕು ವಾಪಸ್ ಕೊಡೋ ಸಂವಿಧಾನ ತರ್ತೀನಿ ಅಂದಳು, 1893 ಜನವರಿ 17ಕ್ಕೆ ವ್ಯಾಪಾರಿಗಳ ಗುಂಪು ಅಮೆರಿಕದ ಯುದ್ಧನೌಕೆಯಿಂದ ಇಳಿದ ಸೈನಿಕರ ಬಲದಲ್ಲಿ ಅವಳನ್ನ ಕೆಳಗಿಳಿಸಿತು. ಎರಡು ವರ್ಷ ಬಿಟ್ಟು ಅವಳ ಅರಮನೇಲೇ ಮಹಡಿ ಮೇಲಿನ ಒಂದು ಕೋಣೇಲಿ ತಿಂಗಳುಗಟ್ಟಲೆ ಕೂಡಿಹಾಕಿದ್ರು. ಆ ಇಯೋಲಾನಿ ಅರಮನೆಗೆ ಹೋಗಿದ್ದೆ. ಆ ಕೋಣೇಲಿ ಒಂದು ಕೌದಿ ಇಟ್ಟಿದಾರೆ, ಸೆರೇಲಿದ್ದಾಗ ರಾಣಿ ಹೊಲಿಯೋಕೆ ಶುರು ಮಾಡಿದ್ದು. ರೇಷ್ಮೆ ಚೂರುಗಳು, ನಡುವೆ ಹವಾಯಿ ಬಾವುಟ, ತನ್ನನ್ನ ಕೆಳಗಿಳಿಸಿದ ತಾರೀಕನ್ನ ಸೂಜಿಯಲ್ಲೇ ಬರೆದಿದಾಳೆ. ನಮ್ಮಜ್ಜಿ ಹಳೇ ಸೀರೆ ಚೂರು ಜೋಡಿಸ್ತಾ ಕೌದಿ ಹೊಲಿಯೋದನ್ನ ನೋಡಿ ಬೆಳೆದವಳು ನಾನು, ಆ ಗಾಜಿನ ಮುಂದೆ ಬಹಳ ಹೊತ್ತು ನಿಂತಿದ್ದೆ.

ಜನ ಸುಮ್ನೆ ಕೂರಲಿಲ್ಲ, ಇದು ನಿಮಗೆಲ್ಲ ಗೊತ್ತಾಗಬೇಕು. 1897ರಲ್ಲಿ ಅಮೆರಿಕಕ್ಕೆ ನಮ್ಮನ್ನ ಸೇರಿಸಬೇಡಿ ಅಂತ 21,269 ಜನ ಸಹಿ ಹಾಕಿ ವಾಷಿಂಗ್ಟನ್ನಿಗೆ ಕಳಿಸಿದ್ರು. 40,000 ಮೂಲನಿವಾಸಿಗಳಿರೋ ನಾಡಿನಲ್ಲಿ ಅಷ್ಟು ಸಹಿ! ಆ ಸಲ ಒಪ್ಪಂದ ಬಿದ್ದುಹೋಯ್ತು. ಮರುವರ್ಷ ಸ್ಪೇನ್ ಜತೆ ಯುದ್ಧ ಬಂತು, ಅಮೆರಿಕಕ್ಕೆ ಸಮುದ್ರದ ನಡುವೆ ನೆಲೆ ಬೇಕಾಯ್ತು, ಸಂಸತ್ತಿನ ಬರೀ ಒಂದು ನಿರ್ಣಯದಲ್ಲಿ ಸೇರಿಸ್ಕೊಂಡ್ರು. ಆ ಸಹಿಗಳ ಹಾಳೆಗಳನ್ನ ಮುಂದೆ ಊರಿನವರೇ ಮರೆತಿದ್ರು, 1990ರ ದಶಕದಲ್ಲಿ ನೊಎನೊಎ ಸಿಲ್ವಾ ಅನ್ನೋ ವಿದ್ವಾಂಸೆ ವಾಷಿಂಗ್ಟನ್ನಿನ ದಾಖಲೆಗಳಲ್ಲಿ ಹುಡುಕಿ ತಂದಾಗ ಜನ ತಮ್ಮ ಮುತ್ತಜ್ಜ ಮುತ್ತಜ್ಜಿಯ ಸಹಿ ಹುಡುಕೋಕೆ ಬಂದ್ರು. 1959ರಲ್ಲಿ ಹವಾಯಿ 50ನೇ ರಾಜ್ಯ ಆಯ್ತು. 1993ರಲ್ಲಿ, ನೂರು ವರ್ಷ ಆದಮೇಲೆ, ಅಮೆರಿಕ ಸರ್ಕಾರ ಕಾನೂನಿನ ಮೂಲಕವೇ ಕ್ಷಮೆ ಕೇಳ್ತು.

ಇನ್ನು ಭಾಷೆ. ನಾನು ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು, ಈ ಭಾಗ ಹೇಳುವಾಗ ನಂಗೆ ಸ್ವಲ್ಪ ಗಂಟಲು ಕಟ್ಟುತ್ತೆ. 1896ರ ಕಾನೂನು ಇಂಗ್ಲಿಷಲ್ಲಿ ಪಾಠ ಮಾಡಿದ್ರೆ ಮಾತ್ರ ಶಾಲೆ ಅಂತ ಒಪ್ತೀವಿ ಅಂತು. ಮಕ್ಕಳು ಮನೆಮಾತು ಆಡಿದ್ರೆ ಏಟು. ಏಟು ತಿಂದ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳಿಗೆ ಆ ಮಾತೇ ಕಲಿಸಲಿಲ್ಲ, ನನ್ನ ಮಗು ಹೊಡೆತ ತಿನ್ನೋದು ಬೇಡ ಅಂತ. 1980ರ ದಶಕದ ಶುರುವಿಗೆ ಹದಿನೆಂಟು ವರ್ಷದ ಒಳಗಿನವರಲ್ಲಿ ಹವಾಯಿ ಭಾಷೆ ಬರೋರು ಐವತ್ತೂ ಇರಲಿಲ್ಲ. ಅವರಲ್ಲೂ ಹೆಚ್ಚಿನವರು ನೀಹಾವ್ ಅನ್ನೋ ಒಂದು ಪುಟ್ಟ ದ್ವೀಪದವರು, ಹೊರಗಿನವರು ಹೋಗೋ ಹಾಗಿಲ್ಲದ ಖಾಸಗಿ ದ್ವೀಪ ಅದು, ಹಾಗಾಗಿ ಮಾತು ಉಳಿದಿತ್ತು.

ತಿರುಗಿ ಎದ್ದಿದ್ದು 1970ರ ದಶಕದಲ್ಲಿ. ಹೋಕುಲೆಯ ಅನ್ನೋ ಹಳೇ ಮಾದರಿ ಜೋಡಿ ದೋಣಿ ಕಟ್ಟಿ, 1976ರಲ್ಲಿ ಯಂತ್ರ ದಿಕ್ಸೂಚಿ ಏನೂ ಇಲ್ಲದೆ ತಾಹಿತಿಗೆ ಹೋದ್ರು. ದಾರಿ ತೋರಿಸೋ ವಿದ್ಯೆ ಹವಾಯಿಯಲ್ಲಿ ಯಾರಿಗೂ ಉಳಿದಿರಲಿಲ್ಲ, ಮೈಕ್ರೊನೇಷಿಯಾದ ಸತವಾಲ್ ದ್ವೀಪದಿಂದ ಮಾವ್ ಪಿಯಾಯ್ಲುಗ್ ಅನ್ನೋರು ಬಂದು ನಡೆಸಿದ್ರು, ಆಮೇಲೆ ಆ ವಿದ್ಯೆಯನ್ನ ಹವಾಯಿಯ ಹುಡುಗರಿಗೂ ಕಲಿಸಿಕೊಟ್ರು. 1978ರಲ್ಲಿ ರಾಜ್ಯದ ಸಂವಿಧಾನ ತಿದ್ದಿ ಹವಾಯಿ ಭಾಷೆಯನ್ನೂ ಅಧಿಕೃತ ಮಾಡಿದ್ರು. 1984ರಲ್ಲಿ ಕೌವಾಯಿ ದ್ವೀಪದ ಕೆಕಾಹ ಊರಲ್ಲಿ ಮೊದಲ ಪೂನಾನ ಲೇಓ ಶುರುವಾಯ್ತು. ಪೂನಾನ ಅಂದ್ರೆ ಗೂಡು, ಲೇಓ ಅಂದ್ರೆ ದನಿ, ಮಾತಿನ ಗೂಡು. ಎರಡು ಮೂರು ವರ್ಷದ ಮಕ್ಕಳನ್ನ ಹಿರಿಯರ ಜತೆ ಬಿಡೋದು, ಒಳಗೆ ಹವಾಯಿ ಮಾತು ಮಾತ್ರ. ಆಗ ಆ ಹಳೇ ಕಾನೂನು ಇನ್ನೂ ಜಾರಿಯಲ್ಲಿತ್ತು! ಅಪ್ಪ ಅಮ್ಮಂದಿರು ಹೋರಾಡಿ 1986ರಲ್ಲಿ ತೆಗೆಸಿದ್ರು, ಮರುವರ್ಷ ಸರ್ಕಾರಿ ಶಾಲೇಲೂ ಹವಾಯಿ ಮಾಧ್ಯಮ ಬಂತು, 1999ರಲ್ಲಿ ಆ ಗೂಡಿನ ಮೊದಲ ಮಕ್ಕಳು ಹೈಸ್ಕೂಲು ಮುಗಿಸಿದ್ರು. ಈಗ ಹೀಲೋ ಊರಿನ ವಿಶ್ವವಿದ್ಯಾಲಯದಲ್ಲಿ ಆ ಭಾಷೆಯಲ್ಲೇ ಎಂಎ ಮಾಡಬಹುದು.

ನೀರಿನ ಕತೇನೂ ಹಾಗೇ. ಓವಾಹುವಿನ ವಾಯಾಹೊಲೆ ಕಾಲುವೆ 1916ರಿಂದ ಬೆಟ್ಟದ ಆಚೆ ಕಬ್ಬಿಗೆ ನೀರು ಒಯ್ತಿತ್ತು. ಅಲ್ಲಿಯ ಸಕ್ಕರೆ ಕಂಪನಿ ಮುಚ್ತಿದೆ ಅಂದಾಗ ಕೆಸು ಬೆಳೆಯೋರು ನಮ್ಮ ಹೊಳೆಗೆ ನಮ್ಮ ನೀರು ಬಿಡಿ ಅಂತ ನಿಂತ್ರು, 2000ದಲ್ಲಿ ರಾಜ್ಯದ ಸುಪ್ರೀಂ ಕೋರ್ಟು ನೀರು ಜನರ ಸೊತ್ತು, ಸರ್ಕಾರ ಬರೀ ಕಾಯೋನು ಅಂತ ತೀರ್ಪು ಕೊಡ್ತು. ನಾನು ಆ ಹೊಳೆ ನೋಡಿದೀನಿ, ನೀರಿದೆ. ಅದರ ದಡದಲ್ಲಿ ಕೆಸು ಇದೆ.

ಕೊನೇದಾಗಿ ಒಂದು ಮರದ ವಿಷಯ. ಮಾವಿ ದ್ವೀಪದ ಲಾಹೈನಾ ಹಿಂದೆ ರಾಜಧಾನಿ, ರಾಜರ ಮನೆಯ ಸುತ್ತ ದೊಡ್ಡ ಕೊಳ ಇತ್ತು. ಕಬ್ಬಿನ ತೋಟ ನೀರು ತಿರುಗಿಸಿತು, ಕೊಳ ಬತ್ತಿತು, ಅದಕ್ಕೆ ಮಣ್ಣು ತುಂಬಿಸಿ ಆಟದ ಬಯಲು ಮಾಡಿದ್ರು. ಕೊನೆಗೆ ತೋಟವೂ ಮುಚ್ಚಿ ಬರೀ ಒಣಹುಲ್ಲು ಉಳೀತು. 2023 ಆಗಸ್ಟ್ 8ಕ್ಕೆ ಬಿರುಗಾಳಿಯಲ್ಲಿ ಬೆಂಕಿ ಬಿದ್ದು ಊರಿಗೆ ಊರೇ ಸುಟ್ಟು ನೂರಕ್ಕೂ ಹೆಚ್ಚು ಜನ ಹೋದ್ರು. ಆ ಊರಿನ ನಡುವೆ ಒಂದು ಆಲದ ಮರ ಇದೆ, ನಮ್ಮದೇ ಆಲ, ಭಾರತದಿಂದ ತರಿಸಿ 1873ರಲ್ಲಿ ನೆಟ್ಟಿದ್ದು. ನೆಟ್ಟಾಗ ಎಂಟಡಿ ಇತ್ತಂತೆ, ಬಿಳಲು ಇಳಿಸಿ ಇಳಿಸಿ ಒಂದು ಬೀದಿಯಷ್ಟು ಜಾಗಕ್ಕೆ ಹಬ್ಬಿತ್ತು. ಅದೂ ಕರಕಲಾಯ್ತು. ಊರಿನವರು, ಮನೆ ಕಳ್ಕೊಂಡವರೂ ಸೇರಿ, ಟ್ಯಾಂಕರಲ್ಲಿ ನೀರು ತಂದು ಹುಯ್ದ್ರು, ಬುಡಕ್ಕೆ ಗೊಬ್ಬರ ಕೊಟ್ರು. ಇದೋ ಈ ಕೊನೇ ಫೋಟೋ ನೋಡಿ, ಸೆಪ್ಟೆಂಬರಿನದ್ದು. ಲೈಟ್ ಆಫ್ ಮಾಡಿದ್ರೆ ಇನ್ನೂ ಚೆನ್ನಾಗಿ ಕಾಣುತ್ತೆ. ಕಪ್ಪು ಕೊಂಬೆ, ಅದರ ಸಂದಿಯಲ್ಲಿ ಆ ಎಳೇ ಹಸಿರು ಎಲೆ, ಕಾಣಿಸ್ತಾ ಹಿಂದೆ ಕೂತವರಿಗೆ?