ಬೇಸಗೆಯ ಆಸರು (ಬಾಯಾರಿಕೆ): ಲೋಟಕ್ಕೆ ಎಷ್ಟು ಸಕ್ಕರೆ, ಅಂಗಳಕ್ಕೆ ಯಾವ ಹೊತ್ತು

ಕೇಳುಗರೆಲ್ಲರಿಗೂ ನಮಸ್ಕಾರ.

ಘಟ್ಟದ ಮೇಲಿನವರು 38 ಡಿಗ್ರಿ ಬಿಸಿಲಿನಲ್ಲೂ ಮರದಡಿ ಕೂತರೆ ತಂಪು ಅನ್ನುತ್ತಾರೆ. ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ಕಾಸರಗೋಡಿನ ಕರಾವಳಿಯ ನಮಗೆ 34ಕ್ಕೇ ಸಾಕುಸಾಕಾಗುತ್ತದೆ. ಕಾರಣ ಗಾಳಿಯಲ್ಲಿರುವ ತೇವ. ಬೆವರು ಆರಿ ಆವಿಯಾಗುವಾಗ ಮೈಯ ಬಿಸಿಯನ್ನು ಜೊತೆಗೆ ಒಯ್ಯುತ್ತದೆ. ನಮ್ಮಲ್ಲಿ ಅದು ಆರುವುದಿಲ್ಲ, ಇಳಿಯುತ್ತದೆ. ಇಳಿದ ಬೆವರಿನಿಂದ ನೀರೂ ಹೋಯಿತು, ಉಪ್ಪೂ ಹೋಯಿತು, ಮೈ ಮಾತ್ರ ತಣಿಯಲಿಲ್ಲ. ಬೇಸಗೆಯಲ್ಲಿ ಏನು ಕುಡಿಯಬೇಕು, ಮಕ್ಕಳನ್ನು ಯಾವಾಗ ಆಟಕ್ಕೆ ಬಿಡಬೇಕು ಅನ್ನುವುದಕ್ಕೆಲ್ಲ ಇದೇ ಮೂಲ. ಮಣ್ಣಿನ ಹೂಜಿಯ ನೀರು ಕೆಲವು ಮನೆಗಳಲ್ಲಿ ತಣ್ಣಗಾಗದಿರುವುದಕ್ಕೂ ಇದೇ ಕಾರಣ: ಹೂಜಿಯೂ ಬೆವರಿ ತಣಿಯಬೇಕು. ಅಡಿಗೆಮನೆಯ ಮೂಲೆಯಲ್ಲಿಟ್ಟರೆ ಆಗದು, ಗಾಳಿಯಾಡುವ ಜಗಲಿಯ ನೆರಳಿನಲ್ಲಿಡಿ.

ಮೊದಲು ಸಕ್ಕರೆಯ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಹೀಗೆ: ಸೇರಿಸಿದ ಸಕ್ಕರೆ, ಬೆಲ್ಲ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಒಟ್ಟು ಶಕ್ತಿಯಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಇರಬೇಕು, 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ಈ ಶೇಕಡಾ 5 ಅಂದರೆ ದೊಡ್ಡವರಿಗೆ ಸುಮಾರು 25 ಗ್ರಾಂ, ಚಹಾ ಚಮಚದಲ್ಲಿ ಐದಾರು. ಮಕ್ಕಳಿಗೆ ಅದಕ್ಕಿಂತ ಕಡಿಮೆ. ಅಂಗಡಿಯ ಕೋಲಾ, ಕಿತ್ತಳೆ ಬಣ್ಣದ ಪಾನೀಯಗಳಲ್ಲಿ ಸಾಮಾನ್ಯವಾಗಿ 100 ಮಿಲಿಲೀಟರಿಗೆ 10, 11 ಗ್ರಾಂ ಸಕ್ಕರೆ ಇರುತ್ತದೆ. ಬಾಟಲಿಯ ಹಿಂದೆ ಮುದ್ರಿಸುವ ಅಂಕಿ ಹೆಚ್ಚಾಗಿ 100 ಮಿಲಿಲೀಟರಿನದ್ದು, ಇಡೀ ಬಾಟಲಿಯದ್ದಲ್ಲ; ಮೋಸ ಹೋಗುವುದು ಅಲ್ಲಿ. 250 ಮಿಲಿಲೀಟರಿನ ಬಾಟಲಿಯಾದರೆ ಆ ಅಂಕಿಯನ್ನು ಎರಡೂವರೆಯಿಂದ ಗುಣಿಸಿ, ಬಂದದ್ದನ್ನು ಐದರಿಂದ ಭಾಗಿಸಿ. ಚಮಚದ ಲೆಕ್ಕ ಸಿಗುತ್ತದೆ. ಅಂಕಿ 11 ಇದ್ದರೆ ಐದೂವರೆ ಚಮಚ! ಮಗುವಿಗೇ ಲೆಕ್ಕ ಮಾಡಲು ಕೊಡಿ. ನಾವು ಬೇಡ ಅನ್ನುವುದಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಇನ್ನು ಸ್ವಲ್ಪ ಬೇಸರದ ವಿಷಯ. ಮನೆಯ ಶರಬತ್ತಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಹಸಿ ಪುನರ್ಪುಳಿಯ (ಕೋಕಂ ಹಣ್ಣಿನ) ಸಿಪ್ಪೆಗೆ ಸಕ್ಕರೆ ಬೆರೆಸಿ ಭರಣಿಯಲ್ಲಿಟ್ಟು ಇಳಿಸಿದ ಪಾಕ ಎರಡು ದೊಡ್ಡ ಚಮಚ ಹಾಕಿದರೆ, ಲೋಟಕ್ಕೆ 20 ಗ್ರಾಮಿಗೂ ಮಿಕ್ಕಿ ಸಕ್ಕರೆ ಬಿತ್ತು. ಹಾಗೆಂದು ಪಾಕಕ್ಕೆ ಸಕ್ಕರೆ ಕಡಿಮೆ ಹಾಕಲು ಹೋದರೆ ವಾರದೊಳಗೆ ನೊರೆಯೆದ್ದು ಹುಳಿ ವಾಸನೆ ಬರುತ್ತದೆ, ಮೇಲೆ ಬೂಷ್ಟು ಕಟ್ಟುತ್ತದೆ. ಅದನ್ನು ಕಾಯುವುದೇ ಸಕ್ಕರೆ. ಹಾಗಾಗಿ ಪಾಕದ ದಾರಿ ಬಿಟ್ಟು ಒಣಸಿಪ್ಪೆಯ ದಾರಿ ಹಿಡಿಯುವುದು ಲೇಸು.

ಐದು ಲೋಟಕ್ಕೆ ಹತ್ತು ಹನ್ನೆರಡು ಒಣಸಿಪ್ಪೆ ಸಾಕು. ತೊಳೆದು, ಅರ್ಧ ಲೀಟರ್ ಬಿಸಿನೀರಿನಲ್ಲಿ ಮುಕ್ಕಾಲು ಗಂಟೆ ನೆನೆಸಿ, ಕೈಯಿಂದ ಕಿವುಚಿ, ಸೋಸಿ. ಕುದಿಸಿ ಆರಿಸಿದ ನೀರು ಸೇರಿಸಿ ಒಂದು ಲೀಟರ್ ಮಾಡಿ. ಬೆಲ್ಲದ ಪುಡಿ ಎಂಟು ಚಹಾ ಚಮಚ, ಹುರಿದು ಪುಡಿಮಾಡಿದ ಜೀರಿಗೆ ಅರ್ಧ ಚಮಚ. ಸಿಪ್ಪೆಗೆ ಉಪ್ಪು ಹಾಕಿ ಒಣಗಿಸಿದ್ದರೆ ಮತ್ತೆ ಉಪ್ಪು ಬೇಡ. ಲೋಟಕ್ಕೆ 8 ಗ್ರಾಮಿನಷ್ಟು ಸಕ್ಕರೆ ಆಯಿತು. ಬೆಲ್ಲವೂ ಸಕ್ಕರೆಯೇ, ಅದಕ್ಕೆ ರಿಯಾಯಿತಿ ಇಲ್ಲ. ಮೊದಲ ವಾರ ಮಕ್ಕಳು ಮುಖ ಹಿಂಡಿದರೆ ಹನ್ನೆರಡು ಚಮಚದಿಂದ ಶುರುಮಾಡಿ ವಾರಕ್ಕೊಂದು ಚಮಚ ಇಳಿಸುತ್ತಾ ಬನ್ನಿ, ನಾಲಿಗೆ ಒಗ್ಗಿಕೊಳ್ಳುತ್ತದೆ. ಪಾತ್ರೆ ಸ್ಟೀಲಿನದ್ದು, ಗಾಜಿನದ್ದು ಅಥವಾ ಮಣ್ಣಿನದ್ದಿರಲಿ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಯನ್ನು ಈ ಹುಳಿ ತಿನ್ನುತ್ತದೆ.

ಬೆವರು ಸುರಿಸಿ ಬಂದವರಿಗೆ ಮಜ್ಜಿಗೆ ನೀರು ಒಳ್ಳೆಯದು. ಒಂದು ಪಾಲು ಮೊಸರು ಕಡೆದು, ಬೆಣ್ಣೆ ತೆಗೆದು, ನಾಲ್ಕು ಪಾಲು ನೀರು. ಲೀಟರಿಗೆ ಕಾಲು ಚಹಾ ಚಮಚ ಉಪ್ಪು, ಜಜ್ಜಿದ ಶುಂಠಿ, ಕರಿಬೇವು, ಹರಿದು ಹಾಕಿದ ನಿಂಬೆ ಎಲೆ. ಬೆಳಿಗ್ಗೆ ಮಾಡಿಟ್ಟದ್ದು ಮಧ್ಯಾಹ್ನಕ್ಕೆ ಹುಳಿ ಏರಿ ಮಕ್ಕಳು ಮುಟ್ಟದಿದ್ದರೆ ತಪ್ಪು ಮಕ್ಕಳದ್ದಲ್ಲ. ಈ ಸೆಕೆಗೆ ಮೊಸರಿನ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಮೊಸರನ್ನು ಫ್ರಿಜ್ಜಿನಲ್ಲಿಟ್ಟು ಆಗಾಗ ಬೇಕಾದಷ್ಟೇ ಕಡೆಯಿರಿ. ರಕ್ತದೊತ್ತಡ ಇರುವವರು ಉಪ್ಪಿಲ್ಲದೆಯೇ ಕುಡಿಯಲಿ, ಊಟದ ಉಪ್ಪಿನಕಾಯಿಯಲ್ಲೇ ಸಾಕಷ್ಟು ಇರುತ್ತದೆ. ಕುಚ್ಚಿಲಕ್ಕಿ ಗಂಜಿಯ ತೆಳಿಗೆ ಚಿಟಿಕೆ ಉಪ್ಪು ಹಾಕಿ ಕೊಡುವುದನ್ನು ಹೊಸ ತಲೆಮಾರು ಬಿಟ್ಟುಬಿಟ್ಟಿದೆ. ದುಡ್ಡು ಕೊಡದೆ ಸಿಗುವ ಒಳ್ಳೆಯ ಪಾನೀಯ ಅದು.

ಬೊಂಡದ ನೀರಿನಲ್ಲಿ, ಅಂದರೆ ಎಳನೀರಿನಲ್ಲಿ, ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಆರೋಗ್ಯವಂತರಿಗೆ ದಿನಕ್ಕೊಂದು ಚೆನ್ನಾಗಿಯೇ ಆಗುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಆ ಪೊಟ್ಯಾಸಿಯಂ ಹೊರಹೋಗದೆ ಹೃದಯದ ಬಡಿತವನ್ನೇ ತಪ್ಪಿಸಬಹುದು. ಬಚ್ಚಂಗಾಯಿ ಅಂದರೆ ಕಲ್ಲಂಗಡಿಯನ್ನು ಹೋಳು ಮಾಡಿ ತಿನ್ನಿ, ರಸ ಹಿಂಡಬೇಡಿ. ಎಳ್ಳಿನ ಜ್ಯೂಸ್, ರಾಗಿ ಜ್ಯೂಸ್, ಹೆಸರಿನ ಜ್ಯೂಸ್ ಇವೆಲ್ಲ ನಿಜಕ್ಕೂ ಆಹಾರ. ಸಂಜೆಯ ತಿಂಡಿಯ ಬದಲಿಗೆ ಕೊಡಿ, ತಿಂಡಿಯ ಮೇಲೆ ಬೇಡ. ಪೇಟೆಗೆ ಹೋದಾಗ ಕೂಲ್ ಬಾರಿನ ಶಾರ್ಜಾ ಶೇಕ್ ಬೇಕೇ ಬೇಕು ಅಂದರೆ ಸಕ್ಕರೆ ಹಾಕದೆ ಮಾಡಿಸಿ. ಬಾಳೆಹಣ್ಣು ಮತ್ತು ಹಾಲಿನ ಸಿಹಿಯೇ ಸಾಕು. ಎನರ್ಜಿ ಡ್ರಿಂಕ್ ಅನ್ನುವ ಡಬ್ಬಿಯ ಮೇಲೆ ಮಕ್ಕಳಿಗೆ, ಗರ್ಭಿಣಿಯರಿಗೆ ತಕ್ಕದ್ದಲ್ಲ ಎಂದು ಅವರೇ ಬರೆದಿರುತ್ತಾರೆ, ಓದಿ.

ಇವೆಲ್ಲಕ್ಕಿಂತ ಮೊದಲು ನೀರು. ಬಾವಿಯ ನೀರು ತಳ ಸೇರುವ ಕಾಲದಲ್ಲಿ ಕಾಮಾಲೆಯ ಭಯ ಹೆಚ್ಚು. ಗುಳ್ಳೆ ಎದ್ದು ಚೆನ್ನಾಗಿ ಕುದಿಯಲಿ. ಕುದಿಸಿದ ನೀರು ಬಿಸಿ ಎಂದು ಅದಕ್ಕೆ ಹಸಿ ತಣ್ಣೀರು ಬೆರೆಸುವ ಅಭ್ಯಾಸ ಸಮಾರಂಭದ ಊಟಗಳಲ್ಲೂ ಇದೆ, ಮನೆಗಳಲ್ಲೂ ಇದೆ. ಹಾಗೆ ಬೆರೆಸಿದರೆ ಕುದಿಸಿದ್ದು ದಂಡ. ಜೀರಿಗೆ, ಲಾವಂಚ ಹಾಕಿ ಬಣ್ಣ ಬಂದ ಮಾತ್ರಕ್ಕೆ ನೀರು ಶುದ್ಧವಾಗುವುದಿಲ್ಲ. ದಾರಿಬದಿಯ ಶರಬತ್ತಿನ ಮಂಜುಗಡ್ಡೆ ಯಾವ ನೀರಿನದ್ದೆಂದು ತಿಳಿಯದಿದ್ದರೆ ಬೇಡ ಎನ್ನಿ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯುವುದಕ್ಕೆಂದೇ ಗಂಟೆ ಬಾರಿಸುವ ಪದ್ಧತಿ ಬಂತು. ರಜೆಯಲ್ಲಿ ಆ ಗಂಟೆ ಇಲ್ಲ. ಆಡುವ ಮಗುವಿಗೆ ಆಸರು ಗೊತ್ತಾಗುವುದು ತಡವಾಗಿ. ಅರ್ಧ ಗಂಟೆಗೊಮ್ಮೆ ಆಟ ನಿಲ್ಲಿಸಿ ಅರ್ಧ ಲೋಟ ಕುಡಿಸಿ. ಮೂತ್ರ ತೆಳು ಹಳದಿ ಇದ್ದರೆ ಸರಿ, ಗಾಢ ಹಳದಿಯಾದರೆ ನೀರು ಸಾಲಲಿಲ್ಲ. ಆರು ತಿಂಗಳೊಳಗಿನ ಶಿಶುವಿಗೆ ಎಂಥ ಸೆಕೆಯಲ್ಲೂ ತಾಯಿಯ ಹಾಲು ಮಾತ್ರ. ಕುಡಿಸುವ ಸರದಿ ಹೆಚ್ಚಾಗಲಿ, ನೀರು ಬೇಡ.

ಆಟದ ಮಾತು. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ ಒಂದು ಗಂಟೆ ಏದುಸಿರು ಬರುವಂಥ ಚಟುವಟಿಕೆ ಬೇಕು, ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ. ಒಂದೇ ಉಸಿರಿಗೆ ಮುಗಿಸಬೇಕಾಗಿಲ್ಲ. ಬೆಳಿಗ್ಗೆ ಆರೂವರೆಯಿಂದ ಎಂಟೂವರೆ, ಸಂಜೆ ಐದರ ಮೇಲೆ. ಹೊರಗೆ ದುಡಿಯುವ ಕಾರ್ಮಿಕರಿಗೇ ಕೇರಳ ಸರಕಾರ ಬೇಸಗೆಯಲ್ಲಿ ಹನ್ನೆರಡರಿಂದ ಮೂರರವರೆಗೆ ವಿರಾಮ ಕೊಡಿಸುತ್ತದೆ, ಮಕ್ಕಳ ಕ್ರಿಕೆಟಿಗೆ ಆ ಹೊತ್ತು ಯಾಕೆ? ಬೆಳಿಗ್ಗೆ ಗುಡ್ಡೆಯಲ್ಲಿ ಗೇರುಬೀಜ ಹೆಕ್ಕುವುದು, ರಾಟೆಯಲ್ಲಿ ಹತ್ತು ಕೊಡ ನೀರು ಸೇದುವುದು ಕೂಡ ವ್ಯಾಯಾಮವೇ. ಗುಡ್ಡೆಗೆ ಹೋಗುವಾಗ ಕಾಲಿಗೆ ಚಪ್ಪಲಿ, ಕೈಗೊಂದು ಕೋಲು ಇರಲಿ. ಸಂಜೆಗೆ ಕೊಯ್ಲಾದ ಗದ್ದೆಯಲ್ಲಿ ಲಗೋರಿ, ಕಬಡ್ಡಿ. ಅಡಿಕೆ ತೋಟ ನೆರಳೆಂದು ಅಲ್ಲಿಗೇ ಕಳಿಸುವವರಿದ್ದಾರೆ. ಸ್ಪ್ರಿಂಕ್ಲರ್ ಬಿಟ್ಟ ತೋಟದಲ್ಲಿ ಗಾಳಿಯಿಲ್ಲ, ತೇವ ಇನ್ನೂ ಹೆಚ್ಚು. ಬೆವರು ಆರುವುದೇ ಇಲ್ಲ. ಅದಕ್ಕಿಂತ ಅಂಗಳದ ಮಾವಿನ ಮರದಡಿ ವಾಸಿ. ನಡು ಮಧ್ಯಾಹ್ನ ಮನೆಯೊಳಗೆ ಫ್ಯಾನ್ ಹಾಕಿ ಹತ್ತು ಹತ್ತು ನಿಮಿಷ ಯಕ್ಷಗಾನದ ಹೆಜ್ಜೆ ಹಾಕಲಿ. ಧೀಂಗಿಣ, ಅಂದರೆ ಹಾರಿ ಸುತ್ತುವ ಕುಣಿತ, ಸಂಜೆಗೆ ಇರಲಿ, ಅದರ ಶ್ರಮ ಸಣ್ಣದಲ್ಲ. ಪರೀಕ್ಷೆ ಮುಗಿಸಿದ ಮಗು ಮೊದಲ ದಿನವೇ ಎರಡು ಗಂಟೆ ಓಡಿದರೆ ಸುಸ್ತಾಗಿ ಬೀಳುತ್ತದೆ. ಇಪ್ಪತ್ತು ನಿಮಿಷದಿಂದ ಶುರುಮಾಡಿ ದಿನಾ ಐದು ನಿಮಿಷ ಏರಿಸಿ. ಮೈ ಸೆಕೆಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಕೆರೆ, ಹೊಳೆಯ ಈಜು ಈಜು ಬಲ್ಲ ಹಿರಿಯರು ಜೊತೆಗಿದ್ದರೆ ಮಾತ್ರ.

ತಲೆನೋವು, ವಾಕರಿಕೆ, ಕಾಲು ಸೆಳೆತ ಬಂದರೆ ನೆರಳಿಗೆ ಕರೆತನ್ನಿ, ಬಟ್ಟೆ ಸಡಿಲಿಸಿ, ಓಆರ್‌ಎಸ್ (ನೀರಿನಲ್ಲಿ ಕಲಸಿ ಕುಡಿಯುವ ಉಪ್ಪು-ಸಕ್ಕರೆಯ ಪುಡಿ) ಕೊಡಿ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಸಣ್ಣದು 200 ಮಿಲಿಲೀಟರಿಗೆ; ಕವರಿನ ಮೇಲೆ ನೋಡಿ. ನೀರು ಕಡಿಮೆ ಹಾಕಿ ಗಟ್ಟಿ ಮಾಡಿದರೆ ಅದೇ ಕರುಳಿನೊಳಗೆ ನೀರೆಳೆದು ಭೇದಿ ಹೆಚ್ಚಿಸುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕಲಸಿದ್ದು 24 ಗಂಟೆಯ ಮೇಲೆ ಉಳಿದರೆ ಚೆಲ್ಲಿ. ಓಆರ್‌ಎಸ್ ಎಂಬ ಹೆಸರಲ್ಲಿ ಮಾರುತ್ತಿದ್ದ ಸಿಹಿ ಪಾನೀಯಗಳಿಗೆ ಆ ಹೆಸರು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿದೆ. ಔಷಧದಂಗಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯನ್ನೇ ಕೇಳಿ ಪಡೆಯಿರಿ. ಮಾತು ತೊದಲಿದರೆ, ಗುರುತು ತಪ್ಪಿದರೆ, ಮೈ ಕೆಂಡದಂತೆ ಸುಟ್ಟರೆ ಬಾಯಿಗೆ ಏನೂ ಹಾಕಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಮೈಮೇಲೆ ನೀರು ಹೊಯ್ಯುತ್ತಾ ಗಾಳಿ ಬೀಸುತ್ತಿರಿ.

ನಮಸ್ಕಾರ.