ಕೊಟ್ಟ ಮೇಲೂ ಉಳಿಯುವ ಬಾಕಿ

ಕೇಳುಗರಿಗೆ ನಮಸ್ಕಾರ.

ಹಣದಿಂದ ಸುಖ ಸಿಗುವುದಿಲ್ಲವೆಂದು ಬಡವರ ಮುಂದೆ ನಿಂತು ಹೇಳುವುದು ಒಂದು ಬಗೆಯ ಕ್ರೌರ್ಯ. ಬಾಡಿಗೆಯ, ಔಷಧದ ಚಿಂತೆಯಲ್ಲಿ ನಿದ್ದೆಗೆಟ್ಟವರಿಗೆ ಹಣವೆಂದರೆ ನಿದ್ದೆಯೇ ಸರಿ. ನನ್ನ ಮಾತು ಆ ಹಣವನ್ನು ಕುರಿತದ್ದಲ್ಲ. ಹತ್ತು ತಲೆಮಾರು ಕೂತು ಉಂಡರೂ ಕರಗದ ಸಂಪತ್ತನ್ನು ಕುರಿತದ್ದು.

ಲಾಟರಿ ಗೆದ್ದ 22 ಮಂದಿಯನ್ನು ಮಾತನಾಡಿಸಿದ ಅಮೆರಿಕದ ಮನೋವಿಜ್ಞಾನಿಗಳ ಅಧ್ಯಯನವೊಂದು 1978ರಲ್ಲಿ ಪ್ರಕಟವಾಯಿತು. ಗೆಳೆಯರೊಡನೆ ಹರಟುವುದು, ಪತ್ರಿಕೆ ಓದುವುದು ಮುಂತಾದ ದಿನನಿತ್ಯದ ಸಣ್ಣ ಸಂತೋಷಗಳಲ್ಲಿ ಅವರಿಗೆ ಸಿಗುತ್ತಿದ್ದ ಸುಖ ಉಳಿದವರಿಗಿಂತ ಕಡಿಮೆಯೇ ಇತ್ತು. ಆದಾಯ ಒಂದು ಮಟ್ಟ ಮುಟ್ಟಿದ ಮೇಲೆ ದಿನದಿನದ ನೆಮ್ಮದಿ ಹೆಚ್ಚುವುದಿಲ್ಲವೆಂದು 2010ರಲ್ಲಿ ಹೇಳಿದ್ದ ಮನೋವಿಜ್ಞಾನಿ ಡೇನಿಯಲ್ ಕಾನೆಮನ್, 2023ರಲ್ಲಿ ಇತರರೊಡನೆ ಸೇರಿ ಆ ಮಾತನ್ನು ತಿದ್ದಿದರು: ಬಹುತೇಕರಲ್ಲಿ ಏರಿಕೆ ಮುಂದುವರಿಯುತ್ತದೆ, ಆದರೆ ಅಷ್ಟೇ ಸುಖವನ್ನು ಮತ್ತೆ ಪಡೆಯಲು ಪ್ರತಿ ಸಲವೂ ಆದಾಯ ಇಮ್ಮಡಿಯಾಗಬೇಕು. ನೂರು ಕೋಟಿಯ ಒಡೆಯನಿಗೆ ಇನ್ನೊಂದು ಕೋಟಿ ಎಂಬುದು ಲೆಕ್ಕಪುಸ್ತಕದಲ್ಲಿ ಒಂದು ಸಾಲು ಮಾತ್ರ.

ಹಾಗಾದರೆ ಕೊಟ್ಟುಬಿಟ್ಟರೆ ಆಯಿತೇ? ಸುಂಕರಹಿತ ಮಳಿಗೆಗಳ ವ್ಯಾಪಾರದಲ್ಲಿ ಗಳಿಸಿದ ಚಕ್ ಫೀನಿ ಸುಮಾರು 800 ಕೋಟಿ ಡಾಲರ್‌ಗಳನ್ನು, ಅದೂ ಬಹುಕಾಲ ಗುಟ್ಟಾಗಿ, ಹಂಚಿ, 2020ರಲ್ಲಿ ತಮ್ಮ ದತ್ತಿಸಂಸ್ಥೆಯನ್ನೇ ಮುಚ್ಚಿದರು. ಬಾಡಿಗೆ ಮನೆಯಲ್ಲಿ, ಕೈಗೊಂದು ಅಗ್ಗದ ಗಡಿಯಾರ ಕಟ್ಟಿಕೊಂಡು ಬದುಕಿದ ಈ ಮನುಷ್ಯನ ಬಗ್ಗೆ ನನಗೆ ಗೌರವವಿದೆ. ಆದರೂ ನನ್ನನ್ನು ಹೆಚ್ಚು ಕಾಡುವುದು ಇನ್ನೊಬ್ಬ ದಾನಿಯ ಕಥೆ.

ಹಣವಂತನಾಗಿಯೇ ಸಾಯುವುದು ಅವಮಾನವೆಂದು 1889ರಲ್ಲಿ ಬರೆದವರು ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ. ಮೂರೇ ವರ್ಷಗಳಲ್ಲಿ, ಅವರು ಸ್ಕಾಟ್ಲೆಂಡಿನಲ್ಲಿದ್ದಾಗ, ಅಮೆರಿಕದ ಪೆನ್ಸಿಲ್ವೇನಿಯದ ಹೋಮ್‌ಸ್ಟೆಡ್ಡಿನಲ್ಲಿದ್ದ ಅವರದೇ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿ ಕಡಿತದ ವಿರುದ್ಧ ನಿಂತ ಕಾರ್ಮಿಕರಿಗೂ ಆಡಳಿತ ಕರೆಸಿದ ಬಾಡಿಗೆ ಕಾವಲುಪಡೆಗೂ ಗುಂಡಿನ ಕಾಳಗವೇ ನಡೆದು, ಎರಡೂ ಕಡೆ ಹೆಣಗಳು ಬಿದ್ದವು, ಕಾರ್ಮಿಕ ಸಂಘ ಮುರಿಯಿತು. 1898ರಲ್ಲಿ ಅಲ್ಲಿಯೇ ಕಾರ್ನೆಗಿ ಗ್ರಂಥಾಲಯ ತೆರೆಯಿತು. ಅದರಲ್ಲಿ ಸಂಗೀತಸಭಾಂಗಣವಿತ್ತು, ಈಜುಕೊಳವೂ ಇತ್ತು. ಆದರೆ ಕುಲುಮೆಯ ಎದುರು ದಿನಕ್ಕೆ ಹನ್ನೆರಡು ಗಂಟೆ ದುಡಿದು ಬಂದವನು ಪುಸ್ತಕ ಬಿಡಿಸುವುದು ಯಾವ ಹೊತ್ತಿನಲ್ಲಿ?

ಜಗತ್ತಿನಾದ್ಯಂತ ಕಾರ್ನೆಗಿಯವರ ಹಣದಿಂದ ಎದ್ದ ಎರಡೂವರೆ ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಹಗುರವಾಗಿ ಕಾಣುವಷ್ಟು ಕೃತಘ್ನ ನಾನಲ್ಲ. ಪುಸ್ತಕ ಕೊಳ್ಳಲಾರದ ಎಷ್ಟೋ ಮಕ್ಕಳು ಅಲ್ಲಿ ಓದಿ ಬೆಳೆದರು. ಆದರೆ ಸಂಬಳದ ಚೀಟಿಯಲ್ಲಿ ಕಡಿತವಾದದ್ದು ಕಟ್ಟಡವಾಗಿ ಮರಳಿದಾಗ, ಅದು ಯಾವ ರೂಪದಲ್ಲಿ ಮರಳಬೇಕೆಂದು ದುಡಿದವನನ್ನು ಯಾರೂ ಕೇಳಿರಲಿಲ್ಲ. ತೆರಿಗೆ ಹೇಗೆ ಖರ್ಚಾಗಬೇಕೆಂಬುದರಲ್ಲಿ ಪ್ರಜೆಗೆ ಒಂದು ಮತವಾದರೂ ಇದೆ. ದಾನದಲ್ಲಿ ಅವನಿಗೆ ಉಳಿಯುವುದು ಕೃತಜ್ಞತೆ ಮಾತ್ರ. ಸಿರಿವಂತನ ಸಾಮಾಜಿಕ ಹೊಣೆಯನ್ನು ಅವನು ಬರೆಯುವ ಚೆಕ್ಕಿನಿಂದ ಅಳೆಯತೊಡಗಿದರೆ, ಕೂಲಿ ಎಷ್ಟು ಕೊಟ್ಟ, ತೆರಿಗೆ ಸರಿಯಾಗಿ ಕಟ್ಟಿದನೇ ಎಂಬ ಪ್ರಶ್ನೆಗಳು ಮರೆಗೆ ಸರಿಯುತ್ತವೆ.

ಹೋಮ್‌ಸ್ಟೆಡ್ಡಿನ ಆ ಉಕ್ಕಿನ ಕಾರ್ಖಾನೆ 1986ರಲ್ಲಿ ಮುಚ್ಚಿತು. ಗ್ರಂಥಾಲಯ ಇಂದಿಗೂ ಬಾಗಿಲು ತೆರೆಯುತ್ತಿದೆ.

ನಮಸ್ಕಾರ.