ಹಿತ್ತಲ ಮನೆಗೆ ಕರಾರು ಯಾಕೆ? ಷರತ್ತು ಸಾಲದೇ?

ಇಂಗ್ಲೆಂಡಿನಲ್ಲಿ ಸ್ವಂತ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಈ ಮಾತು. ಊರಿಂದ ಬರುವ ಅಪ್ಪ-ಅಮ್ಮನಿಗೆಂದು ಹಿತ್ತಲಲ್ಲಿ ಆನೆಕ್ಸ್, ಅಂದರೆ ಮುಖ್ಯ ಮನೆಗೆ ಸೇರಿದ ಪುಟ್ಟ ಮನೆ, ಕಟ್ಟಿಸಲು ಪ್ಲಾನಿಂಗ್ ಪರ್ಮಿಷನ್ನಿಗೆ ಅರ್ಜಿ ಹಾಕುತ್ತೀರಿ. ಕೆಲವು ಕೌನ್ಸಿಲ್‌ಗಳು, ಮೊದಲು ಸೆಕ್ಷನ್ 106 ಕರಾರಿಗೆ (ಯೋಜನಾ ಕಾಯ್ದೆಯಡಿ ಕೌನ್ಸಿಲ್ ಜೊತೆ ಮಾಡಿಕೊಳ್ಳುವ ಕಾನೂನು ಒಪ್ಪಂದ) ಸಹಿ ಹಾಕಿ, ಆಮೇಲೆ ಪರ್ಮಿಷನ್ ಅನ್ನುತ್ತವೆ. ಕರಾರಿನ ತಿರುಳು ಇಷ್ಟು: ಈ ಕಟ್ಟಡವನ್ನು ಮುಖ್ಯ ಮನೆಗೆ ಪೂರಕವಾಗಿ ಮಾತ್ರ ಬಳಸತಕ್ಕದ್ದು, ಪ್ರತ್ಯೇಕವಾಗಿ ಮಾರತಕ್ಕದ್ದಲ್ಲ, ಬಾಡಿಗೆಗೆ ಕೊಡತಕ್ಕದ್ದಲ್ಲ.

ಈ ನಿರ್ಬಂಧ ನ್ಯಾಯವಾದದ್ದೇ. ಹಿತ್ತಲಿಗೊಂದು ಪ್ರತ್ಯೇಕ ಮನೆ ಎದ್ದರೆ ಬೀದಿ ತಾಳಲಾರದು. ಆದರೆ ಅದೇ ಮಾತನ್ನು ಪರ್ಮಿಷನ್ ಪತ್ರದಲ್ಲೇ ಷರತ್ತಾಗಿ, ಅಂದರೆ ಕಂಡಿಷನ್ ಆಗಿ, ಬರೆಯಬಹುದಲ್ಲ? ಷರತ್ತಿನಿಂದ ಆಗದಿದ್ದರೆ ಮಾತ್ರ ಕರಾರು ಎಂದು ಸರ್ಕಾರದ ರಾಷ್ಟ್ರೀಯ ಯೋಜನಾ ನೀತಿಯೇ ಹೇಳುತ್ತದೆ.

ವ್ಯತ್ಯಾಸ ಸಣ್ಣದಲ್ಲ. ಷರತ್ತು ಬದಲಿಸಲು ಅದೇ ಕಾಯ್ದೆಯ ಸೆಕ್ಷನ್ 73ರ ಅಡಿ ವರ್ಷಗಟ್ಟಲೆ ಕಾಯದೆ ಅರ್ಜಿ ಹಾಕಬಹುದು. ತಿರಸ್ಕರಿಸಿದರೆ ಮೇಲ್ಮನವಿ ಉಂಟು. ಕರಾರು ಹಾಗಲ್ಲ. ಕೌನ್ಸಿಲ್ ತಾನಾಗಿ ಒಪ್ಪದಿದ್ದರೆ, ರದ್ದತಿಗೆ ಅರ್ಜಿ ಹಾಕಲು ಸಾಮಾನ್ಯವಾಗಿ 5 ವರ್ಷ ಕಾಯಬೇಕು. ಆಗಲೂ, ಇದರಿಂದ ಇನ್ನು ಯಾವ ಉಪಯುಕ್ತ ಉದ್ದೇಶವೂ ಈಡೇರುವುದಿಲ್ಲ ಎಂದು ತೋರಿಸಬೇಕು. ಸಹಿ ಹಾಕಿದವರು ಮಾರಿ ಹೋದರೂ ಕರಾರು ಜಮೀನನ್ನು ಬಿಡುವುದಿಲ್ಲ, ಕೊಂಡವರ ತಲೆಗೆ ಬರುತ್ತದೆ. ಮೀರಿದರೆ ಕೌನ್ಸಿಲ್ ಕೋರ್ಟಿನಿಂದ ತಡೆಯಾಜ್ಞೆ ತರಬಹುದು. ಹತ್ತು ವರ್ಷ ಯಾರೂ ಕೇಳಲಿಲ್ಲ, ಇನ್ನೇನು ಎಂಬ ವಾದ ಷರತ್ತಿನ ಉಲ್ಲಂಘನೆಗೆ ನಡೆದೀತು, ಕರಾರಿಗೆ ನಡೆಯದು.

ಇನ್ನು ಸಾಲ ಕೊಟ್ಟ ಬ್ಯಾಂಕು. ಅದರ ಅಡಮಾನ ಕರಾರಿಗಿಂತ ಹಳೆಯದು. ಬ್ಯಾಂಕು ಸಹಿ ಹಾಕದೆ ನಾಳೆ ಮನೆ ವಶಪಡಿಸಿಕೊಂಡರೆ ಕರಾರು ಅದಕ್ಕೆ ಅಂಟುವುದಿಲ್ಲ. ಅದಕ್ಕೇ ಕೌನ್ಸಿಲ್ ಆ ಸಹಿಗೆ ಪಟ್ಟು ಹಿಡಿಯುತ್ತದೆ. ಫೈಲು ಹೆಚ್ಚಾಗಿ ನಿಲ್ಲುವುದು ಅಲ್ಲೇ. ಕೌನ್ಸಿಲ್ ವಕೀಲರ ಫೀಸೂ ಬಹುತೇಕ ನಿಮ್ಮದೇ.

ಹಾಗಾಗಿ ಕರಾರಿನ ಕರಡು ಕೈಗೆ ಬರುವ ಮೊದಲೇ ಪ್ಲಾನಿಂಗ್ ಆಫೀಸರ್‌ಗೆ ಇಮೇಲ್ ಬರೆಯಿರಿ: ಷರತ್ತು ಯಾಕೆ ಸಾಲದು? ಉತ್ತರ ಬರಹದಲ್ಲೇ ಬರಲಿ. ಕರಾರೇ ಬೇಕೆಂದರೆ ಎರಡು ಸಾಲು ಸೇರಿಸಲು ನಿಮ್ಮ ಸಾಲಿಸಿಟರ್‌ಗೆ ಹೇಳಿ: ಮನೆ ಮಾರಿದ ಮೇಲೆ ನಿಮ್ಮ ಹೊಣೆ ಮುಗಿಯಬೇಕು, ಆನೆಕ್ಸ್ ಕೆಡವಿದರೆ ಕರಾರೂ ಕೊನೆಯಾಗಬೇಕು.

ಇಂಥ ಮನೆ ಕೊಳ್ಳುವವರು ನೋಡಬೇಕಾದದ್ದು ಒಂದೇ. ಲೋಕಲ್ ಸರ್ಚ್‌ನಲ್ಲಿ (ಕೊಳ್ಳುವ ಮೊದಲು ಕೌನ್ಸಿಲ್ ದಾಖಲೆಗಳಲ್ಲಿ ನಡೆಸುವ ಹುಡುಕಾಟ) ಕರಾರು ಇದೆ ಅಂತಷ್ಟೇ ಕಾಣುತ್ತದೆ, ಒಳಗೇನಿದೆ ಅಂತ ಅಲ್ಲ. ಪೂರ್ತಿ ಪತ್ರದ ಪ್ರತಿ ತರಿಸಿ, ಕಾಂಟ್ರಾಕ್ಟ್ ಎಕ್ಸ್‌ಚೇಂಜ್ ಆಗುವ, ಅಂದರೆ ಖರೀದಿ ಒಪ್ಪಂದ ಕಟ್ಟಿಹಾಕುವ, ಮೊದಲೇ ಓದಿ.